ಮಕ್ಕಳ ಮೇಜಿಗೆ ಯಾವ ಪಾಲಿಶ್?

ಮಗುವಿಗೆ ಅಂತ ಮಂಚ, ಮೇಜು ಮಾಡಿಸುವವರು ಮರದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ತೇಗವೋ, ಹಲಸೋ, ರಬ್ಬರ್ ಮರವೋ ಅಂತ ನಾಲ್ಕು ಜನರನ್ನು ಕೇಳುತ್ತಾರೆ. ಪಾಲಿಶ್ ವಿಷಯಕ್ಕೆ ಬಂದಾಗ ಮಾತ್ರ, "ನೀವೇ ಯಾವುದಾದ್ರೂ ಒಳ್ಳೇದು ಹಾಕಿ ಮೇಸ್ತ್ರಿ" ಅಂದು ಕೈ ತೊಳೆದುಕೊಳ್ಳುತ್ತಾರೆ. ಆದರೆ ಮಗುವಿನ ಕೈ, ಬಾಯಿ ತಾಗುವುದು ಮರಕ್ಕಲ್ಲ, ಅದರ ಮೇಲಿನ ಪದರಕ್ಕೆ.

ನಾನು ಹೇಳುವುದು ಇಷ್ಟೇ. ಮಕ್ಕಳ ಸಾಮಾನಿಗೆಲ್ಲ ಒಂದೇ ಪಾಲಿಶ್ ಹಾಕಿಸಬೇಡಿ. ಮಗು ಕಚ್ಚುವ ಜಾಗಕ್ಕೆ ಒಂದು, ಹಾಲು ಚೆಲ್ಲುವ ಜಾಗಕ್ಕೆ ಇನ್ನೊಂದು.

ಮೊದಲು ಕಚ್ಚುವ ಜಾಗ. ಹಲ್ಲು ಬರುವ ಮಗು ತೊಟ್ಟಿಲಿನ ಅಂಚು, ಮಂಚದ ಕಂಬಿ ಯಾವುದನ್ನೂ ಬಿಡುವುದಿಲ್ಲ. ಅಲ್ಲಿಗೆ ಅರಗಿನ ಪಾಲಿಶ್, ಅಂದರೆ ಹಳೇ ಫ್ರೆಂಚ್ ಪಾಲಿಶ್ಶೇ ಸರಿ. ಅರಗು ಕೀಟದಿಂದ ಬರುವ ಅಂಟು. ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ ಹಚ್ಚುವುದೂ ಇದನ್ನೇ. ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ಹಚ್ಚಿದರೆ ಸ್ಪಿರಿಟ್ ಆರಿಹೋಗಿ ಅರಗು ಮಾತ್ರ ಉಳಿಯುತ್ತದೆ. ಒಂದೇ ಎಚ್ಚರಿಕೆ: ಮೇಸ್ತ್ರಿಗಳು ಮರ ಕೆಂಪಗೆ ಕಾಣಲಿ ಅಂತ ಅದಕ್ಕೆ ಬಣ್ಣದ ಪುಡಿ ಬೆರೆಸುತ್ತಾರೆ. "ಬಣ್ಣ ಬೇಡ, ಬರೀ ಅರಗು ಸಾಕು" ಅಂತ ಮೊದಲೇ ಹೇಳಿ. ಗೀರು ಬಿದ್ದರೂ ಚಿಂತೆಯಿಲ್ಲ. ಹೊಸ ಕೋಟ್ ಹಳೆಯದನ್ನು ಸ್ವಲ್ಪ ಕರಗಿಸಿಕೊಂಡು ಅದರಲ್ಲೇ ಬೆರೆಯುತ್ತದೆ. ಬೇರೆ ಯಾವ ಪಾಲಿಶ್ ಇಷ್ಟು ಸುಲಭಕ್ಕೆ ರಿಪೇರಿ ಆಗುತ್ತೆ ಹೇಳಿ?

ಅದನ್ನೇ ಓದುವ ಮೇಜಿನ ಮೇಲೂ ಹಾಕಿದರೆ ಮಾತ್ರ ಕೆಲಸ ಕೆಡುತ್ತದೆ. ಬಿಸಿ ಹಾಲಿನ ಲೋಟ ಇಟ್ಟರೆ ಬಿಳಿ ಉಂಗುರ. ಸ್ಯಾನಿಟೈಸರ್ ಚೆಲ್ಲಿದರೆ ಅರಗು ಕರಗಿ ಅಂಟಂಟಾಗುತ್ತದೆ, ಅದರಲ್ಲೂ ಸ್ಪಿರಿಟ್ಟೇ ಇರುವುದಲ್ವಾ. ಕರಾವಳಿ, ಮಲೆನಾಡಿನ ಕಡೆ ಮಳೆಗಾಲದಲ್ಲಿ ಹಚ್ಚಿದರಂತೂ ಪಾಲಿಶ್ ತೇವ ಹಿಡಿದು ಬೆಳ್ಳಗಾಗುತ್ತದೆ. ಅಲ್ಲಿಯವರು ಈ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಅಂಗಡಿಯಲ್ಲಿ ಯಾರಾದರೂ ಮೇಜಿನ ಹಲಗೆ ತೋರಿಸಿ "ಇದು ಚನ್ನಪಟ್ಟಣದ ಅರಗಿನ ಕೆಲಸ" ಅಂದರೆ ನಂಬುವ ಮುಂಚೆ ಒಂದು ಕ್ಷಣ ಯೋಚಿಸಿ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಜಿನ ಗುಂಡನೆ ಕಾಲಿಗೆ ಹೀಗೆ ಮಾಡಬಹುದು. ಚಪ್ಪಟೆ ಹಲಗೆಯನ್ನು ಹಾಗೆ ತಿರುಗಿಸುವುದು ಹೇಗೆ?

ಮೇಜಿನ ಮೇಲ್ಭಾಗಕ್ಕೆ, ಊಟದ ಕುರ್ಚಿಗೆ ನನ್ನ ಮತ ನೀರಿನ ಪಿಯು (ನೀರಿನಲ್ಲಿ ಬೆರೆಸಿದ ಪಾಲಿಯುರೆಥೇನ್) ಪಾಲಿಶ್‌ಗೆ. ನೀರು, ಬಿಸಿ, ಸ್ಕೆಚ್ ಪೆನ್ನು ಎಲ್ಲವನ್ನೂ ಸಾಕಷ್ಟು ತಡೆಯುತ್ತದೆ, ವಾಸನೆ ಕಡಿಮೆ, ಬೇಗ ಹಳದಿಯಾಗುವುದಿಲ್ಲ. ಮೊದಲ ಕೋಟ್‌ಗೆ ಮರದ ನಾರು ಎದ್ದು ಮುಟ್ಟಿದರೆ ಒರಟಾಗಿರುತ್ತದೆ. ಅದನ್ನು 320 ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿಸಿ, ಮೇಲೆ ಇನ್ನೆರಡು ಮೂರು ಕೋಟ್ ಹಾಕಿಸಿ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಮೊದಲು ತಿನ್ನರ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ಸರಿಯಾಗಿ ಹಿಡಿಯದೆ ಏಳಬಹುದು. ಚೂಪು ಮೂಲೆಗಳನ್ನು ಬಡಗಿಯ ಹತ್ತಿರವೇ ಗುಂಡಗೆ ಮಾಡಿಸಿಬಿಡಿ. ಮಗುವಿನ ಹಣೆಗೂ ಒಳ್ಳೆಯದು, ಪಾಲಿಶ್‌ಗೂ ಒಳ್ಳೆಯದು. ಚೂಪು ಅಂಚಿನಲ್ಲಿ ಪದರ ತೆಳ್ಳಗೆ ಕೂರುತ್ತದೆ, ಮೊದಲು ಕಿತ್ತುಹೋಗುವುದೂ ಅಲ್ಲೇ.

ಗಟ್ಟಿತನ ಮಾತ್ರ ನೋಡಿದರೆ ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ತಿನ್ನರ್ ಪಿಯು ಇನ್ನೂ ಜಾಸ್ತಿ ಗಟ್ಟಿ. ಆದರೆ ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಉಸಿರಿನಲ್ಲಿ ಹೋದರೆ ಆಸ್ತಮಾ ತರಿಸಬಲ್ಲದು. ಪೂರ್ತಿ ಗಟ್ಟಿಯಾದ ಮೇಲೆ ನಮ್ಮ ಮಗುವಿಗೆ ತೊಂದರೆ ಇಲ್ಲ, ನಿಜ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಹಿಡಿದವನಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ಮೆಲಮಿನ್ ಪಾಲಿಶ್ ಅಗ್ಗ, ಹೊಳಪೂ ಚೆನ್ನಾಗಿದೆ, ಆದರೆ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಅನ್ನುವ ವಿಷದ ಅನಿಲ ಬಿಡುತ್ತದೆ. ಮಗು ಮಲಗುವ ಕೋಣೆಗೆ ನಾನು ಅದನ್ನು ಒಪ್ಪುವುದಿಲ್ಲ.

ಎಣ್ಣೆ ಹಚ್ಚೋಣ, ಅದೇ ಸಹಜ ಅನ್ನುವವರೂ ಇದ್ದಾರೆ. ಕೊಬ್ಬರಿ ಎಣ್ಣೆ ಮರದ ಮೇಲೆ ಗಟ್ಟಿಯಾಗುವುದೇ ಇಲ್ಲ, ಧೂಳು ಹಿಡಿದು ಜಿಡ್ಡಾಗುತ್ತದೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ವಾರಗಟ್ಟಲೆ ಬೇಕು. ಬೇಗ ಒಣಗುವ 'ಬಾಯ್ಲ್ಡ್' ಡಬ್ಬಿಗಳಲ್ಲಿ ಸಾಮಾನ್ಯವಾಗಿ ಲೋಹದ ಡ್ರೈಯರ್, ಅಂದರೆ ಬೇಗ ಒಣಗಿಸುವ ಲೋಹದ ಲವಣ, ಸೇರಿರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಯಾವುದೇ ಪಾಲಿಶ್ ಇರಲಿ, ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ನೀರಿನ ಪಿಯು ಮುಟ್ಟಿದರೆ ಅಂಟದಿರಲು ಒಂದೆರಡು ಗಂಟೆ ಸಾಕು. ಅದೇ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕಾಗುತ್ತದೆ. ನಮ್ಮಲ್ಲಿ ಗೃಹಪ್ರವೇಶದ ಹಿಂದಿನ ದಿನ ಪಾಲಿಶ್ ಮುಗಿಸಿ, ಮಾರನೇ ದಿನ ಅದರ ಮೇಲೇ ಮಗುವನ್ನು ಕೂರಿಸಿ ಫೋಟೋ ತೆಗೆಯುವ ಅಭ್ಯಾಸ. ಮೇಸ್ತ್ರಿಗೆ ತಾರೀಖು ಕೊಡುವಾಗಲೇ ಗೃಹಪ್ರವೇಶಕ್ಕಿಂತ ಒಂದು ತಿಂಗಳು ಮುಂಚಿನದ್ದು ಕೊಡಿ.

ನನಗೆ ನಿಜಕ್ಕೂ ಭಯ ಇರುವುದು ಹೊಸ ಸಾಮಾನಿನ ಬಗ್ಗೆ ಅಲ್ಲ. ಅಜ್ಜಿಮನೆ ಅಟ್ಟದಿಂದ ಇಳಿಯುವ ಹಳೇ ತೊಟ್ಟಿಲಿನ ಬಗ್ಗೆ. ಹಳದಿ, ಕೆಂಪು ಎನಾಮೆಲ್ ಬಳಿದಿರುತ್ತಾರೆ. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದೆ ಅಂತಲೇ ಅಂದುಕೊಂಡು ನಡೆಯುವುದು ಕ್ಷೇಮ. "ಚೆನ್ನಾಗಿ ಉಜ್ಜಿ ಹೊಸ ಪಾಲಿಶ್ ಹೊಡೆದರೆ ಆಯ್ತು" ಅನ್ನುತ್ತಾರೆ. ಆ ಉಜ್ಜುವ ಕೆಲಸದಲ್ಲೇ ಅಪಾಯ ಇರುವುದು. ಸೀಸದ ಧೂಳು ನೆಲಕ್ಕೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬಣ್ಣ ಏಳುತ್ತಿರುವ ತೊಟ್ಟಿಲನ್ನು ನೆನಪಿಗೆ ಇಟ್ಟುಕೊಳ್ಳಿ, ಮಗುವನ್ನು ಮಲಗಿಸಬೇಡಿ. ಅತ್ತೆ ಬೇಜಾರು ಮಾಡಿಕೊಂಡರೂ ಸರಿ.

ಕೊನೆಗೆ ಹೊಳಪು. ದಯವಿಟ್ಟು ಮ್ಯಾಟ್ ಹಾಕಿಸಿ. ಗ್ಲಾಸಿ ಮೇಲೆ ಒಂದೊಂದು ಗೀರೂ ಎದ್ದು ಕಾಣುತ್ತದೆ, ಟ್ಯೂಬ್‌ಲೈಟ್ ಬೆಳಕು ಓದುವ ಮಗುವಿನ ಕಣ್ಣಿಗೆ ಹೊಡೆಯುತ್ತದೆ. ದುಡ್ಡು ಉಳಿಸಲು ಕೋಟ್ ಕಡಿಮೆ ಹಾಕಿಸಿದ್ದಾರೆ ಅಂತ ನೆಂಟರು ಅಂದುಕೊಳ್ಳಬಹುದು. ಅಂದುಕೊಳ್ಳಲಿ ಬಿಡಿ.