ಆ ರಾತ್ರಿ ಬಿಟ್ಟು ಕಳಿಸಿದರೆ ಕೇಸು ಮುಗಿಯಿತೇ? ಸ್ಪಷ್ಟನೆ
‘ಕುಡಿದು ಓಡಿಸಿದವರನ್ನು ಹಿಡಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಕೇಸೇ ಬಿದ್ದುಹೋಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ನಂಬಿದವರಿಗೆ ಅಪಾಯಕಾರಿಯೂ ಹೌದು.

ಮೋಟಾರು ವಾಹನ ಕಾಯ್ದೆಯ 202ನೇ ಸೆಕ್ಷನ್ ಹೇಳುವುದು ಇಷ್ಟೇ: ಬಂಧಿಸಿದ ಎರಡು ಗಂಟೆಯೊಳಗೆ ಪರೀಕ್ಷೆ ನಡೆಯದಿದ್ದರೆ ಆ ವ್ಯಕ್ತಿಯನ್ನು ವಶದಿಂದ ಬಿಡಬೇಕು. ಬಿಡುಗಡೆಯೇ ಬೇರೆ, ಖುಲಾಸೆಯೇ ಬೇರೆ. ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಿದ್ದರೆ ವರದಿಗೆ ದಿನಗಳು ಹಿಡಿಯುತ್ತವೆ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದ ಮದ್ಯಾಂಶವಿದ್ದರೆ 185ನೇ ಸೆಕ್ಷನ್ ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ಇಂಥ ಅಪರಾಧದ ಕೇಸನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 514ನೇ ಸೆಕ್ಷನ್ ಇಟ್ಟಿರುವ ಕಾಲಮಿತಿ ಒಂದು ವರ್ಷ. ಹಾಗಾಗಿ ವಾರಗಳ ನಂತರ ಬಂದ ಸಮನ್ಸನ್ನು ದಯವಿಟ್ಟು ಹರಿದು ಎಸೆಯಬೇಡಿ.