ಸ್ಪಷ್ಟನೆ: ಸೇಂಟ್ ಡನ್‌ಸ್ಟನ್ಸ್ ಕೂರಿಸಿ ಉಣ್ಣಿಸಿದ ಆಶ್ರಮವಲ್ಲ

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ಲಂಡನ್ನಿನ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆ ಕೊನೆಯವರೆಗೂ ಕೂರಿಸಿ ಸಾಕಿತು, ಭಾರತೀಯರಿಗೆ ಅಂಥ ನೆರವು ಯಾವತ್ತೂ ಸಿಗಲಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ಸರಿಯಲ್ಲ.

1915ರಲ್ಲಿ ಅದನ್ನು ಶುರುಮಾಡಿದ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್ ಸ್ವತಃ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರು. ಅಯ್ಯೋ ಪಾಪ ಅನ್ನುವುದು ಅವರಿಗೆ ಆಗುತ್ತಿರಲಿಲ್ಲ. ಬಂದವರ ಕೈಗೆ ಮೊದಲು ಸಿಗುತ್ತಿದ್ದದ್ದು ಮುಳ್ಳು ಮುಟ್ಟಿ ಹೊತ್ತು ತಿಳಿಯುವ ಗಡಿಯಾರ. ಆಮೇಲೆ ಬ್ರೈಲ್, ಟೈಪಿಂಗ್. ಜೊತೆಗೆ ಬುಟ್ಟಿ ಹೆಣಿಗೆ, ಬೂಟು ರಿಪೇರಿ, ಕೋಳಿ ಸಾಕಣೆ, ಮಸಾಜ್‌ನಂಥ ಯಾವುದಾದರೊಂದು ಕಸುಬು. ಕಲಿತವರು ಮನೆಗೆ ಹೋಗಿ ದುಡಿದು ಉಂಡರು.

ಭಾರತದ ಮಾತು: 1943ರಲ್ಲಿ ಡೆಹ್ರಾಡೂನಿನಲ್ಲೂ ಇಂಥದ್ದೇ ಕೇಂದ್ರ ತೆರೆಯಿತು. ತಡವಾಯಿತು, ನಿಜ. ಮುಖ್ಯಸ್ಥರಾಗಿದ್ದ ಕ್ಲೂಥಾ ಮೆಕೆಂಜಿ ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಕಣ್ಣು ಕಳೆದುಕೊಂಡು ಸೇಂಟ್ ಡನ್‌ಸ್ಟನ್ಸ್‌ನಲ್ಲೇ ಕಲಿತಿದ್ದ ನ್ಯೂಜಿಲೆಂಡಿನ ಸೈನಿಕ. 1950ರಲ್ಲಿ ಆ ಕೇಂದ್ರವನ್ನು ಭಾರತ ಸರ್ಕಾರ ವಹಿಸಿಕೊಂಡಿತು.