ಕುರ್ಚಿಗೆ ಮದ್ದು ಹೊಡೆಸಿದವರು ಉತ್ತರ ಕೊಡಿ

ಕೇರಳದಿಂದ ದಿನಾಲೂ ಓದಲು ಬರುವ ನಮ್ಮ ಕೋವಿಡ್ ಪರೀಕ್ಷೆಯ ವರದಿ ಎಷ್ಟು ಹೊತ್ತು ನಡೆಯುತ್ತದೆ, ಹದಿನೈದು ದಿನವೋ, 72 ಗಂಟೆಯೋ? ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಿ. ವಿಶ್ವವಿದ್ಯಾಲಯದ ಗೇಟಿನಲ್ಲಿ ಒಂದು, ಕಚೇರಿಯಲ್ಲಿ ಒಂದು, ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತೊಂದು. ಕರ್ನಾಟಕ ಸರ್ಕಾರದ 2021ರ ಜುಲೈ 31ರ ಸುತ್ತೋಲೆಯನ್ನೇ ಮೊಬೈಲಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಕೇರಳದಿಂದ ಬರುವವರು ಎರಡು ಡೋಸ್ ಹಾಕಿಸಿಕೊಂಡಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತರಬೇಕು, ಸರಿ. ಓದಿಗಾಗಿ, ಕೆಲಸಕ್ಕಾಗಿ ದಿನಾಲೂ ಬಂದು ಹೋಗುವವರು ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಅದೂ ಅದರಲ್ಲೇ ಇದೆ. ಮೊದಲಿನದನ್ನು ಮಾತ್ರ ಓದಿ ಕಾಗದ ಮಡಚಿಟ್ಟವರಿಗೆ ನಾನು ಏನು ಹೇಳಬೇಕಿತ್ತು?

ಸುತ್ತೋಲೆಯಲ್ಲಿ ಇರುವುದನ್ನೇ ಹೇಳಿದೆ. ಹೇಳಿದ್ದಕ್ಕೇ ಇಷ್ಟೆಲ್ಲ ಆಯಿತು.

ತಲಪಾಡಿ ಗಡಿಯಲ್ಲಿ ಪೊಲೀಸರು ನನ್ನ ಪರೀಕ್ಷೆಯ ವರದಿಯನ್ನು ನೋಡಿ ನನ್ನನ್ನು ಬಿಟ್ಟಿದ್ದರು. 2021ರ ಆಗಸ್ಟ್‌ನಿಂದ ಬಸ್ಸುಗಳು ಗಡಿ ದಾಟುತ್ತಿರಲಿಲ್ಲ. ಆ ಕಡೆಯ ಬಸ್ಸಿನಿಂದ ಇಳಿದು, ಚೆಕ್‌ಪೋಸ್ಟಿನಲ್ಲಿ ಸಾಲು ನಿಂತು, ನಡೆದು ದಾಟಿ, ಈ ಕಡೆಯ ಬಸ್ಸು ಹಿಡಿಯಬೇಕಿತ್ತು. ಮಳೆ ಬಿಟ್ಟು ಸುಡು ಬಿಸಿಲು ಬಿದ್ದಿತ್ತು. ಬಸ್ ನಿಲ್ದಾಣದಿಂದ ಏರು ಹತ್ತಿಕೊಂಡು ಗೇಟು ತಲುಪುವಾಗ ಮಾಸ್ಕ್ ಬೆವರಿನಲ್ಲಿ ತೊಯ್ದು ಮೂಗಿಗೆ ಅಂಟಿಕೊಂಡಿತ್ತು. ಆ ಸ್ಥಿತಿಯಲ್ಲಿ ಹಣೆಗೆ ಥರ್ಮಲ್ ಗನ್ ಹಿಡಿದರೆ ಅದು ಏನು ತೋರಿಸುತ್ತದೆ? 99.8 ತೋರಿಸಿತು. ಅದು ಅಳೆಯುವುದು ಚರ್ಮದ ಮೇಲಿನ ಬಿಸಿಯನ್ನು. ಬಿಸಿಲಿನಿಂದ ಬಂದವರನ್ನು ಸ್ವಲ್ಪ ಹೊತ್ತು ನೆರಳಿನಲ್ಲಿ ಕೂರಿಸಿ ಮತ್ತೆ ನೋಡಬೇಕು. ವಾಚ್‌ಮನ್ ಅಣ್ಣ ಹಾಗೆಯೇ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. "ಕೂತುಕೊಳ್ಳಿ" ಎಂದು ಅವರೇ ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಟ್ಟರು. ಮಾತಿಗೆ ಮಾತು ಎಂದು "ಇಲ್ಲ್ ಓಲು?" ಎಂದು ತುಳುವಿನಲ್ಲಿ ಕೇಳಿದರು. ಮಂಜೇಶ್ವರ ಎಂದೆ.

ಅಷ್ಟೇ. ಆ ಒಂದು ಊರಿನ ಹೆಸರು.

ಮೇಜಿನ ಹಿಂದೆ ಫೇಸ್ ಶೀಲ್ಡ್ ಹಾಕಿಕೊಂಡು ಕೂತಿದ್ದ ಕಚೇರಿಯವರು ಎದ್ದು ನಿಂತು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. "ಕೇರಳವಾ? ಮೊದಲೇ ಹೇಳಬಾರದಿತ್ತಾ?" ವರದಿ ತೋರಿಸಿದೆ. ಮೊಬೈಲನ್ನು ಕೈಗೆ ತೆಗೆದುಕೊಳ್ಳಲಿಲ್ಲ, ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡಿದರು. "ಇದು ಹಳೆಯದು, 72 ಗಂಟೆಯೊಳಗಿನದು ಬೇಕು" ಎಂದರು. ಸರ್, ದಿನಾಲೂ ಬರುವವರಿಗೆ ಹದಿನೈದು ದಿನ ಎಂದಿದೆ, ಇಲ್ಲಿದೆ ನೋಡಿ ಎಂದೆ. "ನನಗೆ ಕಾನೂನು ಕಲಿಸಬೇಡಿ. ಈಗ ನಿಫಾ ಬೇರೆ ಶುರುವಾಗಿದೆ ನಿಮ್ಮಲ್ಲಿ. ಎದ್ದು ಆ ಕಡೆ ನಿಲ್ಲಿ."

ನಿಮ್ಮಲ್ಲಿ! ನಿಫಾ ವೈರಸ್ ಸೋಂಕು ಬಂದದ್ದು ಕೋಝಿಕ್ಕೋಡಿನಲ್ಲಿ. ನಮ್ಮ ಮನೆಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಮಂಗಳೂರಿಗೆ 20.

ಎದ್ದೆ. ಗೇಟಿನ ಹೊರಗೆ, ಬೈಕುಗಳ ಪಕ್ಕ ಬಿಸಿಲಿನಲ್ಲಿ ನಿಂತೆ. ಬ್ಯಾಗು ಕುರ್ಚಿಯ ಹತ್ತಿರವೇ ಉಳಿದಿತ್ತು. ಅವರು ಅಟೆಂಡರ್‌ರನ್ನು ಕರೆದರು. ಅಟೆಂಡರ್ ಬೆನ್ನಿಗೆ ಪಂಪು ಹಾಕಿಕೊಂಡು ಬಂದರು. ನಮ್ಮ ಕಡೆ ಅಡಿಕೆಗೆ ಮದ್ದು ಬಿಡುತ್ತಾರಲ್ಲ, ಅಂಥದ್ದೇ ಪಂಪು. ನಾನು ಕೂತಿದ್ದ ಕುರ್ಚಿಗೆ ಹೊಡೆದರು. ಮೊದಲು ಕೂರುವ ಜಾಗಕ್ಕೆ, ಆಮೇಲೆ ಬೆನ್ನಿಗೆ, ಕೈಗಳಿಗೆ, ನಾಲ್ಕು ಕಾಲುಗಳಿಗೆ ಸುತ್ತಲೂ. ಆಮೇಲೆ ನನ್ನ ಕಾಲು ಇದ್ದ ನೆಲಕ್ಕೆ. "ಬ್ಯಾಗಿಗೂ" ಎಂದರು ಫೇಸ್ ಶೀಲ್ಡಿನವರು. ಅದರೊಳಗೆ ಲ್ಯಾಬ್ ಕೋಟು ಇತ್ತು, ಪ್ರಾಕ್ಟಿಕಲ್ ರೆಕಾರ್ಡ್ ಇತ್ತು, ಅಮ್ಮ ಕಟ್ಟಿಕೊಟ್ಟ ಬುತ್ತಿ ಇತ್ತು. ಅಟೆಂಡರ್ ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಬೇಡ ಎನ್ನಬೇಕಿತ್ತು, ಬಾಯಿ ಬರಲಿಲ್ಲ. ಹೊಡೆದರು. ಬ್ಲೀಚಿಂಗ್ ಪುಡಿಯ ಆ ವಾಸನೆ ಗೊತ್ತಲ್ಲ, ಗಂಟಲಿಗೆ ಇಳಿಯಿತು. ಕಪ್ಪು ಬ್ಯಾಗಿನ ಪಟ್ಟಿಯ ಮೇಲೆ ಈಗ ಕಂದು ಬಣ್ಣದ ಚುಕ್ಕಿಗಳು ಎದ್ದಿವೆ. ತಿಕ್ಕಿ ತೊಳೆದೆ, ಹೋಗುತ್ತಿಲ್ಲ.

ಅಷ್ಟು ಹೊತ್ತೂ ಜೂನಿಯರ್‌ಗಳು ಒಬ್ಬೊಬ್ಬರಾಗಿ ಹಣೆ ಒಡ್ಡಿ ಒಳಗೆ ಹೋಗುತ್ತಿದ್ದರು. ಒಬ್ಬಳು, ನನಗೆ ಚೆನ್ನಾಗಿ ಗೊತ್ತಿರುವವಳು, ದಾರಿ ಬದಲಿಸಿ ಆ ಬದಿಯಿಂದ ಸುತ್ತಿಕೊಂಡು ಹೋದಳು.

ಆಮೇಲೆ ಸ್ವಲ್ಪ ಹೊತ್ತು ನೆರಳಿನಲ್ಲಿ ನಿಲ್ಲಿಸಿ ಮತ್ತೆ ಗನ್ ಹಿಡಿದರು. 97.9. "ಹೋಗಿ" ಎಂದರು. ವರದಿ ಹಳೆಯದು ಎಂದವರೇ ಅದೇ ವರದಿಯ ಮೇಲೆ ಬಿಟ್ಟರು. ಹಾಗಾದರೆ ಆ ಮದ್ದು ಹೊಡೆದದ್ದು ಯಾವ ರೋಗಕ್ಕೆ?

ಬೇಡ, ಬಿಡೋಣ ಎಂದುಕೊಂಡೆ. ಅವರೂ ಹೆದರಿದ್ದಾರೆ. ಕೋವಿಡ್ ಎರಡನೇ ಅಲೆಯ ಏಪ್ರಿಲ್, ಮೇ ತಿಂಗಳು ಹೇಗಿತ್ತು ಎಂದು ನಾನು ಮರೆತಿಲ್ಲ. ಆ ಫೇಸ್ ಶೀಲ್ಡಿನ ಹಿಂದಿನವರ ಮನೆಯಲ್ಲೂ ಯಾರೋ ಹೋಗಿರಬಹುದು. ನಾನು ಒಬ್ಬಳು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತರೆ ಏನಾಯಿತು? ಸಂಜೆಯವರೆಗೂ ಮನಸ್ಸಿಗೆ ಇದನ್ನೇ ಹೇಳಿಕೊಂಡೆ. ಆಗುತ್ತಿಲ್ಲ. ಆ ಪಂಪಿನ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಮನುಷ್ಯರ ಮೇಲೆ ಸೋಂಕುನಿವಾರಕ ಸಿಂಪಡಿಸಬಾರದು, ಅದರಿಂದ ಪ್ರಯೋಜನವಿಲ್ಲ, ಹಾನಿ ಇದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿದೆ. ಬ್ಯಾಗು ಮನುಷ್ಯನಲ್ಲ ಎನ್ನುತ್ತೀರೋ? ಸರಿ. ಲ್ಯಾಬಿಗೆ ಬನ್ನಿ. ಇಡೀ ಬ್ಯಾಚು ಒಂದೇ ಕೋಣೆಯಲ್ಲಿ. ಮಳೆಯ ಇರಚಲು ಬೀಳುತ್ತದೆ ಎಂದು ಜೂನ್‌ನಲ್ಲಿ ಮುಚ್ಚಿದ ಕಿಟಕಿಗಳನ್ನು ಇನ್ನೂ ತೆರೆದಿಲ್ಲ, ಚಿಲಕಗಳು ತುಕ್ಕು ಹಿಡಿದಿವೆ. ಮಾಸ್ಕ್ ಕೆಲವರ ಗಲ್ಲದ ಮೇಲೆ. ಈ ರೋಗ ಗಾಳಿಯಾಡದ ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹರಡುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತಿದೆ. ಕುರ್ಚಿಯ ಕಾಲಿಗೆ ಹೊಡೆಯಲು ಆಳಿದ್ದಾರೆ, ಚಿಲಕಕ್ಕೆ ಎಣ್ಣೆ ಬಿಡಲು ಒಬ್ಬರೂ ಇಲ್ಲ. ನಾನು ಹೇಳಿದೆ. "ಎಸ್ಟೇಟ್ ಶಾಖೆಗೆ ಪತ್ರ ಬರೆಯಬೇಕು" ಎಂಬ ಉತ್ತರ ಬಂತು.

ಕ್ಯಾಂಪಸ್ ತೆರೆಯುವಾಗ ಹೇಗಿರಬೇಕು ಎಂದು ಯುಜಿಸಿ 2020ರ ನವೆಂಬರ್‌ನಲ್ಲೇ ಮಾರ್ಗಸೂಚಿ ಕೊಟ್ಟಿದೆ. ಲಕ್ಷಣ ಇರುವವರಿಗೆ ಪ್ರತ್ಯೇಕ ಕೋಣೆ, ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಆಪ್ತ ಸಲಹೆ ಎಲ್ಲವೂ ಅದರಲ್ಲಿದೆ. ನಮ್ಮಲ್ಲಿ ಪ್ರತ್ಯೇಕ ಕೋಣೆ ಎಂದರೆ ಗೇಟಿನ ಹೊರಗಿನ ಬೈಕ್ ಸ್ಟ್ಯಾಂಡ್. ನಮ್ಮ ಹೋರಾಟ ರೋಗದ ವಿರುದ್ಧ, ರೋಗಿಯ ವಿರುದ್ಧ ಅಲ್ಲ ಎಂದು ಫೋನ್ ಮಾಡಿದಾಗಲೆಲ್ಲ ತಿಂಗಳುಗಟ್ಟಲೆ ಕೇಳಿದೆವಲ್ಲ. ನಾನು ರೋಗಿಯೂ ಅಲ್ಲ.

ನವೆಂಬರ್ ಒಂದಕ್ಕೆ ನಮ್ಮನ್ನು ಗಡಿನಾಡ ಕನ್ನಡಿಗರು ಎಂದು ವೇದಿಕೆಗೆ ಕರೆದು ಶಾಲು ಹೊದಿಸುತ್ತೀರಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದಕ್ಕೆ ಭಾಷಣದಲ್ಲಿ ಕಣ್ಣೀರು ಹಾಕುತ್ತೀರಿ, ಚಂದ್ರಗಿರಿ ಹೊಳೆಯವರೆಗಿನ ನೆಲ ನಮ್ಮದು ಎನ್ನುತ್ತೀರಿ, ಅದನ್ನೇ ಶಿಫಾರಸು ಮಾಡಿದ ಮಹಾಜನ ವರದಿ ಎನ್ನುತ್ತೀರಿ. ನಾನು ಒಂದರಿಂದ ಹತ್ತರವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಕಡೆಯ ರೋಗಿಗಳು ಸತ್ತರು. ಆಗಲೂ ನಾವು ನೆಲ ನಮ್ಮದು ಎನ್ನುವವರ ಬಾಯಿಯ ಕಡೆ ನೋಡಿದೆವು.

ಆದರೆ ಇದನ್ನು ಬರೆಯುತ್ತಿರುವಾಗಲೇ ಇನ್ನೊಂದು ವಿಷಯಕ್ಕೆ ಸಿಟ್ಟು ಬರುತ್ತಿದೆ. ನಾನು ಕನ್ನಡದವಳು ಎಂಬ ಕಾರಣಕ್ಕೆ ನನ್ನ ಕುರ್ಚಿಗೆ ಹೊಡೆಯಬಾರದಿತ್ತು ಎಂದಲ್ಲ. ಮಲಯಾಳ ಮಾತ್ರ ಬರುವ ಹುಡುಗಿಯಾಗಿದ್ದರೂ ಹೊಡೆಯಬಾರದು. ಈ ಊರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದುವ ಎಷ್ಟೋ ಮಕ್ಕಳು ಅಲ್ಲಿಯವರು. ನಾಳೆ ನಿಮಗೆ ಆಮ್ಲಜನಕದ ಮಾಸ್ಕ್ ಹಾಕುವವರು ಅವರೇ. ನನಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಎದುರು ವಾದಿಸಿದೆ. ಅವರು ಏನು ಮಾಡಬೇಕು?

ಏನು ಮಾಡುತ್ತಿದ್ದಾರೆ ಎಂದು ಹೇಳುತ್ತೇನೆ. ಮೈ ಬಿಸಿ ಇದ್ದರೆ ಬಸ್ಸು ಇಳಿಯುವ ಮೊದಲೇ ಪ್ಯಾರಾಸಿಟಮಾಲ್ ನುಂಗುತ್ತಿದ್ದಾರೆ. ಕೆಮ್ಮು ಬಂದರೆ ಗೇಟು ದಾಟುವವರೆಗೆ ಹಿಡಿದುಕೊಳ್ಳುತ್ತಿದ್ದಾರೆ. ವಾಸನೆ ಗೊತ್ತಾಗದಿದ್ದರೂ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಎಲ್ಲರ ಎದುರು ಪಂಪು ಬರುತ್ತದೆ, ಪಿಜಿಯ ಆಂಟಿ ರೂಮು ಖಾಲಿ ಮಾಡಿ ಎನ್ನುತ್ತಾರೆ, ಇಂಟರ್ನಲ್ ಅಂಕ ಹೋಗುತ್ತದೆ. ಗೇಟಿನಲ್ಲಿ ಹೆದರಿಸಿದಷ್ಟೂ ರೋಗ ಒಳಗೆ ಸುಲಭವಾಗಿ ಹೋಗುತ್ತದೆ. ಇದು ಅರ್ಥವಾಗಲು ಎಂಎಸ್‌ಸಿ ಓದಬೇಕಿಲ್ಲ.

ನಾಳೆ ಹೋಗುವುದೇ ಇಲ್ಲ ಎಂದು ಅಮ್ಮನಿಗೆ ಹೇಳಿದೆ. ಹೋಗುತ್ತೇನೆ. ಹಾಜರಾತಿ ಯಾರು ಕೊಡುತ್ತಾರೆ?

ಕುಲಸಚಿವರಿಗೆ ಬರೆದಿದ್ದೇನೆ, ವಿಭಾಗದ ಮುಖ್ಯಸ್ಥರಿಗೆ ಬರೆದಿದ್ದೇನೆ. ನೀಲಿ ಗೆರೆ ಬಿದ್ದಿದೆ, ಉತ್ತರ ಇಲ್ಲ. ನನ್ನ ಬ್ಯಾಗಿನ ವಿಷಯ ಬಿಡಿ. ಈಗ ಅರ್ಧ ಗಂಟೆಯ ಹಿಂದೆ ಉಪ್ಪಳದ ಒಬ್ಬಳು ಜೂನಿಯರ್ ಸಂದೇಶ ಕಳುಹಿಸಿದ್ದಾಳೆ. "ಅಕ್ಕಾ, ನಿನ್ನೆಯಿಂದ ಗಂಟಲು ನೋವು, ಸ್ವಲ್ಪ ಜ್ವರ ಇದೆ. ನಾಳೆ ಇಂಟರ್ನಲ್. ಗೇಟಿನಲ್ಲಿ ಹೇಳಲಾ, ಬೇಡವಾ?" ಹೇಳು ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಹೇಳಬೇಡ ಎಂದು ಬರೆಯಲಾರೆ, ಅವಳ ಬೆಂಚಿನಲ್ಲಿ ಇನ್ನಿಬ್ಬರು ಕೂರುತ್ತಾರೆ. ಮನೆಯಲ್ಲೇ ಇರು ಎಂದರೆ ಅವಳ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸುತ್ತೀರಾ? ಅದನ್ನು ಬರೆದು ಕೊಡುವವರು ಯಾರು? ಅವಳು ಬೆಳಿಗ್ಗೆ ಏಳಕ್ಕೆ ಮನೆ ಬಿಡುತ್ತಾಳೆ. ಅಷ್ಟರೊಳಗೆ ಜವಾಬ್ದಾರಿ ಇರುವವರು ಯಾರಾದರೂ ಉತ್ತರ ಕೊಡಿ.